ಮನೆ ಮಾರಿ, ಕಡಲು ಮಾರಬೇಡಿ

ಹೆಸರಾಂತ ಆರ್ಕಿಟೆಕ್ಟ್ ವಿನ್ಯಾಸ ಮಾಡಿದ ಮಾಡರ್ನ್ ಮನೆ, ಎದುರಿಗೆ ಬೀಚು, ಮಾರಾಟಕ್ಕಿದೆ. ಇಂಥ ಜಾಹೀರಾತು ನಿಮ್ಮ ಫೋನಿಗೂ ಬಂದಿರಬಹುದು. ಗಾಜಿನ ಗೋಡೆ, ಬಿಳಿ ಕಾಂಕ್ರೀಟು, ಆಚೆ ನೀಲಿ ಕಡಲು. ಚಿತ್ರದಲ್ಲಿ ದೋಣಿ ಇರುವುದಿಲ್ಲ, ಬಲೆ ಇರುವುದಿಲ್ಲ, ಜನವೂ ಇರುವುದಿಲ್ಲ. ನಮ್ಮ ತಕರಾರು ಇರುವುದು ಇಲ್ಲೇ.

ನಾವು ಮಾಡರ್ನ್ ಮನೆಯ ವಿರೋಧಿಗಳಲ್ಲ. ಚಾರ್ಲ್ಸ್ ಕೊರಿಯಾ ನಮ್ಮ ದೇಶದ ದೊಡ್ಡ ಆಧುನಿಕ ವಾಸ್ತುಶಿಲ್ಪಿ. ಅಹಮದಾಬಾದಿನ ಸಾಬರಮತಿ ಆಶ್ರಮದಲ್ಲಿ ಅವರು ರೂಪಿಸಿದ ಗಾಂಧಿ ಸಂಗ್ರಹಾಲಯ 1963ರಲ್ಲಿ ತೆರೆಯಿತು. ಅದಕ್ಕೆ ಹಂಚಿನ ಮಾಡು, ನಡುವೆ ತೆರೆದ ಅಂಗಳ, ಕಿಟಕಿಗೆ ಗಾಜಿನ ಬದಲು ಮರದ ಪಟ್ಟಿ. ಅಂದರೆ ಊರಿನ ಬಿಸಿಲು, ಮಳೆ, ಗಾಳಿ ನೋಡಿ ಕಟ್ಟುವುದೇ ಆಧುನಿಕತೆ. ನಮ್ಮ ಮುರಕಲ್ಲಿನ ಗೋಡೆ, ಇಳಿಜಾರು ಮಾಡು, ಜಗಲಿಗಳೂ ಅದನ್ನೇ ಹೇಳುತ್ತವೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಹಂಚೂ ಹೊಸತೇ ಆಗಿತ್ತು. ಮಳೆಗೆ ಹೊಂದಿತು, ಹಾಗಾಗಿ ಉಳಿಯಿತು.

ಪಡುವಣಕ್ಕೆ ಪೂರ್ತಿ ಗಾಜು, ಮೇಲೆ ಚಪ್ಪಟೆ ತಾರಸಿ ಇಟ್ಟರೆ ಏನಾಗುತ್ತದೆ? ಸಂಜೆ ಬಿಸಿಲಿಗೆ ಒಳಗೆ ಕೂರಲಾಗದು. ಆಸಾಡಿ ಮಳೆಯ ಎರಚಲಿಗೆ ಸಂದು ಸೋರುತ್ತದೆ. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟು ಸೀಳುತ್ತದೆ. ಜಾಹೀರಾತು ಹೇಳದ ಮಾತು ಇದು.

ಹೇಳದ ಇನ್ನೊಂದು ಮಾತು ಸಿಆರ್‌ಝಡ್. 1991ರಲ್ಲಿ ಬಂದ ಈ ಕಾನೂನು 2011ರಲ್ಲಿ, ಮತ್ತೆ 2019ರಲ್ಲಿ ಬದಲಾಯಿತು. ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ ಮಾತ್ರ 2019ರ ಅಧಿಸೂಚನೆ ಇದನ್ನು 50 ಮೀಟರಿಗೆ ಇಳಿಸಿತು. ಅಲ್ಲಿಂದ 500 ಮೀಟರ್ ತನಕ ಮನೆ ಕಟ್ಟಬಹುದು. ಆದರೆ ಮೀನುಗಾರರ ಹಳೇ ವಸತಿಗಳಂಥ ಸಾಂಪ್ರದಾಯಿಕ ಹಕ್ಕು, ಬಳಕೆಯ ಮಿತಿಯಲ್ಲಿ, ಎರಡು ಅಂತಸ್ತು, 9 ಮೀಟರ್ ಮೀರದಂತೆ. ಉಬ್ಬರವಿಳಿತ ಮುಟ್ಟುವ ಹೊಳೆದಂಡೆಗೂ ಈ ಕಾನೂನು ತಾಗುತ್ತದೆ. ಹಾಗಾಗಿ ಇದು ಕೋಡಿ ಬೆಂಗ್ರೆಯವರ ವಿಷಯ ಮಾತ್ರವಲ್ಲ, ಬಾರ್ಕೂರಿನಲ್ಲಿ ಸೀತಾ ಹೊಳೆಯ ಬದಿಯವರದ್ದೂ ಹೌದು.

ವಾರಕ್ಕೊಮ್ಮೆ ಬಂದು ಹೋಗುವವರ ಬಂಗಲೆ ಯಾವ ಸಾಂಪ್ರದಾಯಿಕ ಬಳಕೆ, ಸ್ವಾಮಿ? ನಾಡದೋಣಿಯವನು ಮನೆಗೆ ಒಂದು ಕೋಣೆ ಸೇರಿಸಲು ಹೊರಟರೆ ನೂರು ಪ್ರಶ್ನೆ. ಇವರಿಗೂ ಅದೇ ಪ್ರಶ್ನೆ ಕೇಳಬೇಡವೇ?

ಮಾರುವವರನ್ನು ನಾವು ದೂರುವುದಿಲ್ಲ. ಸಾಲ, ಮದುವೆ, ಮಕ್ಕಳ ಓದು, ಎಲ್ಲರಿಗೂ ಅವರವರ ಕಷ್ಟ ಉಂಟು. ಆದರೆ ಲೆಕ್ಕ ಗೊತ್ತಿರಲಿ. 1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟಿತು. 2020ರ ತಿದ್ದುಪಡಿ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಬಾಗಿಲು ತೆರೆಯಿತು. ಇಂದು ಸೆಂಟ್ಸ್ ಲೆಕ್ಕದಲ್ಲಿ ಕೊಟ್ಟ ಜಾಗವನ್ನು ನಾಳೆ ಅದೇ ಊರಿನ ಮಕ್ಕಳು ಮನೆ ಕಟ್ಟಲು ಕೊಳ್ಳಲಾರರು.

ಮನೆಗೊಂದು ಬೆಲೆ, ಆರ್ಕಿಟೆಕ್ಟ್ ಹೆಸರಿಗೊಂದು ಬೆಲೆ, ಇರಲಿ. ಕಡಲ ನೋಟಕ್ಕೆ, ಖಾಸಗಿ ಬೀಚಿಗೆ ಬೆಲೆ ಕಟ್ಟಲು ಯಾರಿಗೂ ಹಕ್ಕಿಲ್ಲ. ಕಡಲತೀರ ಜನರ ಸೊತ್ತು, ಸರಕಾರ ಅದನ್ನು ಕಾಯುವ ಟ್ರಸ್ಟಿ ಮಾತ್ರ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಎಂ.ಸಿ. ಮೆಹ್ತಾ ಮತ್ತು ಕಮಲನಾಥ್ ಪ್ರಕರಣದಲ್ಲಿ ಹೇಳಿದೆ. ಕೈರಂಪಣಿ ಎಳೆಯುವ, ದೋಣಿ ಏರಿಸುವ, ಮೀನು ಒಣಗಿಸುವ ಹೊಯಿಗೆ ಯಾರ ಕಂಪೌಂಡಿನ ಒಳಗೂ ಬರಕೂಡದು.

ಮುಂದಿನ ಗ್ರಾಮಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ಮಾರಾಟದ ಮನೆ ಉಬ್ಬರದ ಗೆರೆಯಿಂದ ಎಷ್ಟು ಮೀಟರ್? ಸಿಆರ್‌ಝಡ್ ಅನುಮತಿ ಎಲ್ಲಿ? 9/11 ಯಾವ ಬಳಕೆಗೆ ಕೊಟ್ಟಿದ್ದು? ಕಡಲಿಗೆ ಹೋಗುವ ಹಳೇ ದಾರಿ ಪಂಚಾಯತಿನ ನಕ್ಷೆಯಲ್ಲಿ ಉಂಟೋ ಇಲ್ಲವೋ? ಉತ್ತರವನ್ನು ಬಾಯಿಮಾತಿಗೆ ಬಿಡಬೇಡಿ, ನಡಾವಳಿಯಲ್ಲಿ ಬರೆಸಿ. ಗೋಡೆ ಎದ್ದ ಮೇಲೆ ದಾರಿ ಹುಡುಕುವುದಕ್ಕಿಂತ ಅಡಿಪಾಯಕ್ಕೆ ಮೊದಲೇ ಕೇಳುವುದು ಸುಲಭ.