ಬೋಗುಣಿಯೊಳಗಿನ ಊರು

ದಸರೆಯ ರಜೆಗೆ ಬೆಂಗಳೂರಿನಿಂದ ರಾಯದುರ್ಗಕ್ಕೆ ಬಂದಿದ್ದ ಮೊಮ್ಮಗಳು ಒಂದು ಸಂಜೆ, "ಅಜ್ಜಿ, ಈ ರಾತ್ರಿ ದೊನ್‌ಬುರಿ ಮಾಡೋಣ" ಎಂದಳು. ಅದೇನೆಂದು ಕೇಳಿದೆ. ಆಳವಾದ ಬೋಗುಣಿಗೆ ಬಿಸಿ ಅನ್ನ ಹಾಕಿ, ಅದರ ಮೇಲೆ ಬೇಯಿಸಿದ ಪದಾರ್ಥವನ್ನು ರಸದೊಡನೆ ಸುರಿದು, ಒಂದೇ ಪಾತ್ರೆಯಲ್ಲಿ ಮುಗಿಸುವ ಜಪಾನೀಯರ ಊಟವಂತೆ. ದೊನ್‌ಬುರಿ ಎಂಬ ಮಾತಿಗೆ ಬೋಗುಣಿ ಎಂದೇ ಅರ್ಥವಂತೆ. ಬೇಕಾದ ಸಾಮಾನುಗಳ ಪಟ್ಟಿಯನ್ನು ಅವಳು ಬರೆದುಕೊಂಡಿದ್ದಳು. ಒಣಮೀನಿನ ತೆಳುಚಕ್ಕೆ ಮತ್ತು ಕಡಲಪಾಚಿಯಿಂದ ಇಳಿಸುವ ದಶಿ ಎಂಬ ತಿಳಿಸಾರು, ಮಿರಿನ್ ಎಂಬ ಅಕ್ಕಿಯ ಸಿಹಿ ಮದ್ಯ, ಸೋಯಾ ಸಾಸ್. ಪೇಟೆಯನ್ನೆಲ್ಲ ಸುತ್ತಿ ಬಂದವಳ ಕೈಯಲ್ಲಿ ಇದ್ದುದು ಸೋಯಾ ಸಾಸಿನ ಸೀಸೆಯೊಂದೇ.

ಒಲೆಯ ಪಕ್ಕದಲ್ಲಿ ನಾನು ಮರುದಿನದ ಸಾರಿಗೆಂದು ಬೇಯಿಸಿದ ಹುರುಳಿಯನ್ನು ಬಸಿದಿಟ್ಟಿದ್ದೆ. ಅವಳು ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಈ ಹಾರ್ಸ್‌ಗ್ರಾಮ್ ಸೂಪನ್ನೇ ಹಾಕಿದರೆ ಆದೀತೆ?" ಎಂದಳು. ಆದೀತು ಎಂದೆ. ಆದರೆ ಅದರ ಹೆಸರು ಸೂಪಲ್ಲ, ಕಟ್ಟು ಎಂದು ಹೇಳಬೇಕಾಯಿತು. ಜಪಾನಿನ ನಾಲ್ಕು ಬೋಗುಣಿಗಳ ಹೆಸರು ಬಲ್ಲ ಹುಡುಗಿಗೆ ತನ್ನ ಮನೆಯ ಕಟ್ಟು ತಿಳಿಯದು. ಈ ವಾರದ ಅಂಕಣ ಹುಟ್ಟಿದ್ದು ಅಲ್ಲಿಂದ.

ಮೊದಲು ಜಪಾನಿನ ವಿಚಾರ. ಅಲ್ಲಿ ಬೋಗುಣಿಯ ಊಟ ಒಂದಲ್ಲ, ಊರಿಗೊಂದು. ಟೋಕಿಯೊ ನಗರಕ್ಕೆ ಎದೊ ಎಂಬ ಹೆಸರಿದ್ದ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಹಾವುಮೀನನ್ನು ಸುಟ್ಟು ಅನ್ನದ ಮೇಲಿಡುವ ರೂಢಿ ಬೆಳೆಯಿತು. ಅದೇ ನಗರದ ಫುಕಗವ ಎಂಬ ಬೆಸ್ತರ ಕೇರಿಯವರು ಕೊಲ್ಲಿಯ ಚಿಪ್ಪುಮೀನನ್ನು ಬೇಯಿಸಿ ಅನ್ನಕ್ಕೆ ಸುರಿದುಕೊಂಡರು. ಕೋಳಿ ಮತ್ತು ಮೊಟ್ಟೆಯನ್ನು ಒಟ್ಟಿಗೆ ಬೇಯಿಸುವ ಬೋಗುಣಿಗೆ ಒಯಾಕೊದೊನ್, ಎಂದರೆ ತಾಯಿ ಮಕ್ಕಳ ಬೋಗುಣಿ, ಎಂದು ಹೆಸರು. ಅದು 1891ರಲ್ಲಿ ತಮಹಿದೆ ಎಂಬ ಊಟದ ಅಂಗಡಿಯಲ್ಲಿ ಹುಟ್ಟಿತೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಉತ್ತರದ ಹೊಕ್ಕೈದೊ ದ್ವೀಪದ ಒಬಿಹಿರೊ ಹಂದಿ ಸಾಕಣೆಯ ಸೀಮೆ. ಅಲ್ಲಿಯ ಬೋಗುಣಿಯಲ್ಲಿ ಸುಟ್ಟ ಹಂದಿಮಾಂಸ. ನಗೊಯ ಸೀಮೆಯಲ್ಲಿ ಸೋಯಾ ಕಾಳನ್ನು ಹುಳಿಯಿಸಿದ ಕೆಂಗಪ್ಪು ಹಿಟ್ಟೇ ಬೋಗುಣಿಯ ರುಚಿ. ಕೆಳಗೆ ಅನ್ನ ಒಂದೇ. ಮೇಲಿನದನ್ನು ಕೊಡುವುದು ಆಯಾ ಊರಿನ ನೆಲ ಮತ್ತು ನೀರು.

ಹಾಗಿರುವಾಗ ರಾಯದುರ್ಗದಲ್ಲಿ ಕುಳಿತು ಟೋಕಿಯೊ ಬೋಗುಣಿಯನ್ನು ಅಚ್ಚೊತ್ತಿದಂತೆ ಮಾಡಲು ಹೊರಟರೆ ಅದರ ಕ್ರಮವನ್ನೇ ಮರೆತಂತೆ. ದಶಿಯ ಜಾಗದಲ್ಲಿ ನಮ್ಮ ಕಟ್ಟು ನಿಲ್ಲಬಲ್ಲದು. ಮೀನು ಮುಟ್ಟದ ಜಪಾನಿನ ಬೌದ್ಧ ಮಠಗಳಲ್ಲಿ ಕಡಲಪಾಚಿ, ಒಣ ಅಣಬೆ ಮತ್ತು ಹುರಿದ ಸೋಯಾ ಕಾಳಿನಿಂದಲೂ ದಶಿ ಇಳಿಸುತ್ತಾರೆ. ಕಾಳು ತನ್ನ ಸತ್ವವನ್ನು ನೀರಿಗೆ ಬಿಟ್ಟುಕೊಡುವುದೆಂದರೇನೆಂದು ಬಸ್ಸಾರು ಉಂಡು ಬೆಳೆದ ಮಡಕಶಿರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಬ್ಬರಿಗೆ ಸಾಕಾಗುವಂತೆ ಮಾಡುವ ಕ್ರಮ ಹೀಗಿದೆ. ಒಂದು ಲೋಟ ಹುರುಳಿಯನ್ನು ರಾತ್ರಿ ನೆನೆಹಾಕಿ, ಮರುದಿನ ಆರು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ ಬಸಿಯಿರಿ. ಕಾಳು ಪಲ್ಯಕ್ಕೆ, ಕಟ್ಟು ಬೋಗುಣಿಗೆ. ಅಗಲವಾದ ಬಾಣಲೆಯಲ್ಲಿ ಒಂದು ಲೋಟ ಕಟ್ಟು, ಎರಡು ಚಮಚ ಸೋಯಾ ಸಾಸ್, ನೆಲ್ಲಿಕಾಯಿ ಗಾತ್ರದ ಬೆಲ್ಲ, ಉದ್ದುದ್ದ ಹೆಚ್ಚಿದ ಒಂದು ಈರುಳ್ಳಿ ಹಾಕಿ, ಈರುಳ್ಳಿ ಬಾಡುವ ತನಕ ಕುದಿಸಿ. ಸಾಸಿನಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪನ್ನು ರುಚಿ ನೋಡಿದ ಮೇಲೆಯೇ ಹಾಕಬೇಕು. ಮೂರು ಮೊಟ್ಟೆಗಳನ್ನು ನೊರೆ ಬರುವಂತೆ ಕಡೆಯದೆ, ಬಿಳಿ ಹಳದಿ ಬೇರೆ ಬೇರೆ ಕಾಣುವಷ್ಟೇ ಕಲಕಿ ಮೇಲೆ ಸುರಿದು ಮುಚ್ಚಳವಿಡಿ. ಮೊಟ್ಟೆ ಗಟ್ಟಿಯಾಗುತ್ತಲೇ ಇಳಿಸಿ, ರಸಸಮೇತ ಅನ್ನದ ಮೇಲೆ ಜಾರಿಸಿ. ಮೊಟ್ಟೆ ತಿನ್ನದವರು ಎಣ್ಣೆಯಲ್ಲಿ ಬಾಡಿಸಿದ ಬದನೆಕಾಯಿಯನ್ನು ಇದೇ ರಸದಲ್ಲಿ ಕುದಿಸಬಹುದು. ಬದನೆಯ ಬೋಗುಣಿ ಜಪಾನಿನಲ್ಲೂ ಉಂಟು. ಕಡೆಗೆ ಮೇಲೆ ಉದುರಿಸಲು ಹುರಿದು ಕುಟ್ಟಿದ ಪುಡಿ. ರಾಯದುರ್ಗದವರು ಅದನ್ನು ಶೇಂಗಾ ಪುಡಿ ಎನ್ನುತ್ತಾರೆ, ಮಡಕಶಿರದವರು ಕಡಲೆಕಾಯಿ ಪುಡಿ ಎನ್ನುತ್ತಾರೆ. ಹೆಸರು ಯಾವುದಾದರೂ ಬೆಳೆದ ಕೆಂಪು ನೆಲ ಒಂದೇ.

ಅನ್ನದ ವಿಷಯದಲ್ಲಿ ಒಂದು ಎಚ್ಚರಿಕೆ. ಜಪಾನಿನ ಗಿಡ್ಡ ಅಕ್ಕಿ ಬೆಂದಾಗ ಅಗುಳು ಅಗುಳಿಗೆ ಅಂಟುತ್ತದೆ. ಕಡ್ಡಿಗಳಿಂದ ಎತ್ತಿ ತಿನ್ನಲು ಅದೇ ಅನುಕೂಲ. ನಮ್ಮ ಸೋನಾ ಮಸೂರಿ ಬಿಡಿಬಿಡಿಯಾಗಿ ನಿಲ್ಲುತ್ತದೆ. ಚಿತ್ರಾನ್ನಕ್ಕೆ ಹಳೆಯ ಅಕ್ಕಿಯೇ ಬೇಕೆಂದು ಹಟ ಹಿಡಿಯುವ ನಾವು ಇಲ್ಲಿ ಹೊಸ ಅಕ್ಕಿಯನ್ನೇ ಆರಿಸಿಕೊಳ್ಳಬೇಕು. ನೀರು ತುಸು ಹೆಚ್ಚು ಹಾಕಿ, ಬೆಂದ ಮೇಲೆ ಹತ್ತು ನಿಮಿಷ ಮುಚ್ಚಿಟ್ಟರೆ ಮುದ್ದೆಯಾಗದೆ ಮೆತ್ತಗಾಗುತ್ತದೆ.

ಇಷ್ಟಾದ ಮೇಲೆ ಬೋಗುಣಿಯ ಮೇಲ್ಭಾಗ ನಮ್ಮದಾಯಿತು. ಕೆಳಗಿರುವ ಅನ್ನ?

ಹಳೆಯ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಭೈರವಾನಿತಿಪ್ಪ ಜಲಾಶಯದ ಕೆಳಗೆ, ಕೆರೆಯ ಹಿಂದೆ, ಬಾವಿಯ ಬಳಿ ಅಷ್ಟಿಷ್ಟು ಭತ್ತ ಕಂಡೀತು, ಉಳಿದುದೆಲ್ಲ ಬೆದ್ದಲು. ನಮ್ಮ ಹಿರಿಯರ ನಿತ್ಯದ ಊಟ ರಾಯದುರ್ಗದ ಕಡೆ ಜೋಳ, ಸಜ್ಜೆ, ನವಣೆ. ಮಡಕಶಿರದ ಕಡೆ ರಾಗಿ. ಅಕ್ಕಿಯ ಅನ್ನ ಹಬ್ಬಕ್ಕೆ, ನೆಂಟರಿಗೆ, ಬಾಣಂತಿಗೆ. 1983ರಲ್ಲಿ ಎನ್.ಟಿ. ರಾಮರಾಯರ ಸರ್ಕಾರ ಕಿಲೋಗೆ ಎರಡು ರೂಪಾಯಿಯ ಅಕ್ಕಿಯನ್ನು ತಂದಿತು. ಬರದ ಸೀಮೆಯ ಎಷ್ಟೋ ಮನೆಗಳಲ್ಲಿ ಅದು ಹಸಿವನ್ನು ಕಳೆಯಿತು. ಅದನ್ನು ಹಗುರವಾಗಿ ಆಡುವುದು ಉಂಡ ಮನೆಗೆ ಎರಡು ಬಗೆದಂತೆ. ಆದರೆ ಹಬ್ಬದ ಅನ್ನ ದಿನದ ಅನ್ನವಾದಂತೆ ನವಣೆಯ ಹೊಲಗಳು ಕಡಿಮೆಯಾದುವೆಂಬುದೂ ನಿಜ.

ಬಿಳಿ ಅನ್ನದ ಬೆಲೆಯನ್ನು ಜಪಾನ್ ನಮಗಿಂತ ಮೊದಲೇ ತೆತ್ತಿತ್ತು. ಅಲ್ಲಿಯ ಬಡ ರೈತರೂ ಅಕ್ಕಿಗೆ ಬಾರ್ಲಿ, ಸಿರಿಧಾನ್ಯ ಬೆರೆಸಿ ಉಣ್ಣುತ್ತಿದ್ದವರೇ; ಪಾಲಿಶ್ ಮಾಡಿದ ಅಕ್ಕಿ ನಗರದವರ ಭೋಗವಾಗಿತ್ತು. ಅದರೊಡನೆ ಕಾಲು ಊದಿ, ನರ ಸೋತು, ಹೃದಯ ನಿಲ್ಲಿಸುವ ಬೆರಿಬೆರಿ ರೋಗವೂ ಬಂತು. 1882ರಲ್ಲಿ ಹೊರಟ ರ್‍ಯೂಜೊ ಎಂಬ ಯುದ್ಧನೌಕೆಯ 376 ಜನರಲ್ಲಿ 169 ಜನರಿಗೆ ಈ ರೋಗ ತಗುಲಿ 25 ಜನ ತೀರಿಕೊಂಡರು. ನೌಕಾಪಡೆಯ ವೈದ್ಯ ತಕಕಿ ಕನೆಹಿರೊ 1884ರಲ್ಲಿ ಇನ್ನೊಂದು ಹಡಗನ್ನು, ಊಟವನ್ನು ಬದಲಿಸಿ, ಅದೇ ದಾರಿಯಲ್ಲಿ ಕಳುಹಿಸಿದನು, ಒಬ್ಬರೂ ಸಾಯಲಿಲ್ಲ. ಮರುವರ್ಷ ನೌಕಾಪಡೆಯ ಅನ್ನದಲ್ಲಿ ಬಾರ್ಲಿ ಬೆರೆಯಿತು. ತೌಡಿನೊಡನೆ ಅನ್ನದ ಜೀವಸತ್ವವೂ ಹೋಗುತ್ತದೆಂಬುದು ಜಗತ್ತಿಗೆ ಸ್ಪಷ್ಟವಾದದ್ದು ಆ ಬಳಿಕ.

ಜಪಾನೀಯರ ಸಿರಿಧಾನ್ಯಗಳಲ್ಲಿ ಒಂದಾದ ಅವ ಬೇರೇನಲ್ಲ, ನಮ್ಮ ನವಣೆಯೇ. ಆದುದರಿಂದ ಎರಡನೆಯ ರಾತ್ರಿ ಬೋಗುಣಿಗೆ ನವಣೆಯ ಅನ್ನ ಹಾಕಿದೆವು. ಒಂದು ಲೋಟ ನವಣೆಯಕ್ಕಿಯನ್ನು ಒಂದು ಗಂಟೆ ನೆನೆಸಿ, ಎರಡೂವರೆ ಲೋಟ ನೀರಿನಲ್ಲಿ ಸಣ್ಣ ಉರಿಯ ಮೇಲೆ ಬೇಯಿಸಿದರೆ ಸಾಕು. ಕಟ್ಟಿನ ರಸವನ್ನು ಅದು ಅಕ್ಕಿಗಿಂತ ಚೆನ್ನಾಗಿ ಕುಡಿಯುತ್ತದೆ.

ಜಪಾನಿನಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಹೆಸರಿಡುವುದು. 2005ರಲ್ಲಿ ಅವರು ಆಹಾರಶಿಕ್ಷಣಕ್ಕೆಂದೇ ಒಂದು ಕಾನೂನು ಮಾಡಿದರು. 2007ರಲ್ಲಿ ಅವರ ಕೃಷಿ ಸಚಿವಾಲಯ ದೇಶದ ಹಳ್ಳಿ ಕೇರಿಗಳ ಅಡುಗೆಗಳಲ್ಲಿ ನೂರರಷ್ಟನ್ನು ಆರಿಸಿ ಪಟ್ಟಿಮಾಡಿತು. ಬೆಸ್ತರ ಕೇರಿಯ ಫುಕಗವ ಬೋಗುಣಿ ಆ ಪಟ್ಟಿಯಲ್ಲಿದೆ. ನಮ್ಮ ಪಟ್ಟಿಯನ್ನು ಮಾಡುವವರು ಯಾರು? 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ರಾಯದುರ್ಗ ಆಂಧ್ರಕ್ಕೆ ಬಂತು. ಮಡಕಶಿರ ಮೂರು ಕಡೆ ಕನ್ನಡ ನಾಡಿನಿಂದ ಸುತ್ತುವರಿದಿದ್ದೂ ಇತ್ತಲೇ ಉಳಿಯಿತು. ಗಡಿ ಒಲೆಯನ್ನು ಒಡೆಯಲಿಲ್ಲ, ಹೆಸರುಗಳನ್ನು ಮಾತ್ರ ಒಡೆಯಿತು. ಬಳ್ಳಾರಿಯ ಮಂಡಕ್ಕಿ ಒಗ್ಗರಣೆ ಇತ್ತ ಉಗ್ಗಾನಿ. ಅತ್ತಣ ಹುರುಳಿ ಸಾರು ಇತ್ತ ಉಲವಚಾರು. ಎರಡು ಹೆಸರಿರುವುದು ಸಂಪತ್ತೇ. ಎರಡನ್ನೂ ಬಿಟ್ಟು ಸೂಪ್ ಎನ್ನುವುದು ಬಡತನ. ಶಾಲೆಯಲ್ಲಿ ಕನ್ನಡವಿಲ್ಲದ ಮಕ್ಕಳಿಗೆ ಈ ಮಾತುಗಳು ಸಿಗುವುದು ಅಡುಗೆಮನೆಯಲ್ಲಿ ಮಾತ್ರ. ಅಲ್ಲಿಯೂ ನಾವು ಸುಮ್ಮನಿದ್ದರೆ ಸಿಗುವುದು ಇನ್ನೆಲ್ಲಿ?

ಮೊಮ್ಮಗಳು ತನ್ನ ಪುಸ್ತಕದಲ್ಲಿ ಆ ಊಟಕ್ಕೆ ರಾಯದುರ್ಗದೊನ್ ಎಂದು ಹೆಸರಿಟ್ಟು, ಅದರ ಕೆಳಗೆ ಹುರುಳಿ ಕಟ್ಟು, ನವಣೆ ಅನ್ನ, ಶೇಂಗಾ ಪುಡಿ ಎಂದು ಕನ್ನಡದಲ್ಲಿ ಬರೆದುಕೊಂಡಳು. ಕಟ್ಟು ಎಂಬಲ್ಲಿ ಒತ್ತಕ್ಷರ ತಪ್ಪಿತ್ತು, ತಿದ್ದಿಕೊಟ್ಟೆ. ವಾಚಕರು ತಮ್ಮ ಮನೆಯ ಒಂದು ಅಡುಗೆಯ ಹೆಸರನ್ನೂ ಮಾಡುವ ಕ್ರಮವನ್ನೂ, ತಮ್ಮ ಊರಿನಲ್ಲಿ ಆಡುವ ಮಾತಿನಲ್ಲೇ ಬರೆದು ಕಳುಹಿಸಿದರೆ, ಮುಂದಿನ ವಾರಗಳಲ್ಲಿ ಈ ಅಂಕಣದಲ್ಲಿ ಒಂದೊಂದಾಗಿ ಕೊಡುತ್ತೇನೆ.