ನಂಬಿಕೆಯೆಂದರೆ ನೇಮಕಾತಿ ಪತ್ರವಲ್ಲ

ಪರೀಕ್ಷೆಗಳ ಫಲಿತಾಂಶ ಬಂದ ವಾರ ನಮ್ಮ ಅನೇಕ ಚರ್ಚುಗಳಲ್ಲಿ ಸಾಕ್ಷಿ ಹೇಳುವ ರೂಢಿಯಿದೆ. ಕೆಲಸ ಸಿಕ್ಕವರು ಎದ್ದು ನಿಂತು ದೇವರಿಗೆ ಸ್ತೋತ್ರ ಹೇಳುತ್ತಾರೆ, ಕೃತಜ್ಞತಾ ಕಾಣಿಕೆ ಕೊಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಸಂತೋಷವನ್ನು ಹಂಚಿಕೊಳ್ಳಲೇಬೇಕು. ಆದರೆ ಅದೇ ಬೆಂಚಿನಲ್ಲಿ, ಅದೇ ಪರೀಕ್ಷೆ ಬರೆದು, ಅಷ್ಟೇ ಪ್ರಾರ್ಥನೆ ಮಾಡಿ, ಎರಡು ಅಂಕದಲ್ಲಿ ಕಟ್ ಆಫ್ ತಪ್ಪಿದವರೂ ಕೂತಿರುತ್ತಾರೆ. ಅವರನ್ನು ಯಾರೂ ಮೈಕಿನ ಮುಂದೆ ಕರೆಯುವುದಿಲ್ಲ. ಹೊರಗೆ ಬರುವಾಗ ಹಿರಿಯರೊಬ್ಬರು ಬೆನ್ನು ತಟ್ಟಿ, "ಇನ್ನೂ ಸ್ವಲ್ಪ ನಂಬಿಕೆಯಿಟ್ಟು ಪ್ರಾರ್ಥನೆ ಮಾಡಮ್ಮಾ" ಅನ್ನುತ್ತಾರೆ. ಪ್ರೀತಿಯಿಂದ ಹೇಳಿದ ಮಾತೇ. ಆದರೂ ಕೇಳಿದವಳ ಮನಸ್ಸಿಗೆ ನಾಟುವುದು ಬೇರೆ: ಕೆಲಸ ಸಿಗಲಿಲ್ಲವೆಂದರೆ ನನ್ನ ನಂಬಿಕೆಯೂ ಸಾಲಲಿಲ್ಲ.

ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಕ್ರೈಸ್ತ ಯುವತಿಯಾಗಿ ಈ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ. ಇದು ಮನಸ್ಸಿಗೆ ನೋವು ಕೊಡುತ್ತದೆ ಎನ್ನುವುದಷ್ಟೇ ಕಾರಣವಲ್ಲ. ಬೈಬಲ್ ಹೇಳುವ ಭರವಸೆಯೇ ಬೇರೆ.

ಅಪೊಸ್ತಲ ಪೌಲನನ್ನು ನೋಡಿ. ತನ್ನನ್ನು ಕಾಡುತ್ತಿದ್ದ ಬಾಧೆಯೊಂದು ನೀಗಲೆಂದು ಮೂರು ಸಲ ಬೇಡಿಕೊಂಡೆನೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅವನೇ ಹೇಳುತ್ತಾನೆ. ಅದು ನೀಗಲಿಲ್ಲ. ಅದನ್ನು ಸಹಿಸುವಷ್ಟು ಕೃಪೆ ಸಿಕ್ಕಿತು. ಸಂತೋಷದ ಮಾತು ಮತ್ತೆ ಮತ್ತೆ ಬರುವ ಫಿಲಿಪ್ಪಿಯವರ ಪತ್ರಿಕೆಯನ್ನು ಅವನು ಬರೆದದ್ದು ಸೆರೆಯಲ್ಲಿದ್ದಾಗ. ಅಷ್ಟೇಕೆ, ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಆ ಸಂಕಟ ತಪ್ಪಲೆಂದು ಪ್ರಾರ್ಥಿಸಿದ. ಅದು ತಪ್ಪಲಿಲ್ಲ. ಯೇಸುವಿಗೆ ನಂಬಿಕೆ ಕಡಿಮೆಯಿತ್ತು ಎಂದು ಯಾವ ಸಭಾಪಾಲಕರೂ ಬೋಧಿಸಲಾರರು. ಹಾಗಿರುವಾಗ ಪಟ್ಟಿಯಲ್ಲಿ ಹೆಸರು ಬಾರದವರ ಮೇಲೆ ಮಾತ್ರ ಆ ಹೊರೆ ಏಕೆ?

ಹಾಗಾದರೆ ನಂಬಿಕೆಯಿಂದ ಏನು ಲಾಭ, ಏಕೆ ಪ್ರಾರ್ಥಿಸಬೇಕು ಎಂದು ಹಾಸ್ಟೆಲಿನ ಗೆಳತಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾನು ಕಂಡುಕೊಂಡ ಉತ್ತರ ಹೀಗಿದೆ. ಕೆಲಸ ಹುಡುಕುವ ವರ್ಷಗಳಲ್ಲಿ ಎಲ್ಲರೂ ನಮ್ಮನ್ನು ಅಳೆಯುತ್ತಾರೆ. ಅಂಕ, ವಯೋಮಿತಿ, ಅನುಭವ, ಇಂಗ್ಲಿಷ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮದುವೆ ಮನೆಗೆ ಹೋದರೂ ಮೊದಲು ಕೇಳುವುದು "ಈಗ ಏನು ಮಾಡ್ತಿದ್ದೀಯಮ್ಮಾ?" ಎಂದೇ. ಕ್ರೈಸ್ತ ನಂಬಿಕೆ ಹೇಳುವುದು, ದೇವರ ಪ್ರೀತಿ ಈ ಅಳತೆಗಳ ಮೇಲೆ ನಿಂತಿಲ್ಲ ಎಂದು. ಕೃಪೆಯೆಂದರೆ ಅದೇ: ಗಳಿಸದೆ ಸಿಕ್ಕದ್ದು. ಗಳಿಸಿದ್ದಲ್ಲವಾದ್ದರಿಂದ ಸೋತಾಗ ಕಳೆದುಹೋಗುವ ಭಯವೂ ಇಲ್ಲ. ಆ ನೆಲೆ ಇದ್ದರೆ ಮುಂದಿನ ಅರ್ಜಿ ಹಾಕಲು ಕೈ ನಡುಗುವುದಿಲ್ಲ.

ಈ ಭರವಸೆ ಸೋಮಾರಿತನಕ್ಕೆ ದಾರಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಕೆಲಸ ಬಿಟ್ಟು ಸುಮ್ಮನೆ ತಿರುಗುತ್ತಿದ್ದವರನ್ನು ಪೌಲ ಥೆಸಲೊನೀಕದ ಸಭೆಗೆ ಬರೆದ ಪತ್ರಿಕೆಯಲ್ಲಿ ಚೆನ್ನಾಗಿಯೇ ಗದರಿಸಿದ್ದಾನೆ. ಅವನ ಕಸುಬು ಗುಡಾರ ಮಾಡುವುದು. ಕೊರಿಂಥದಲ್ಲಿ ಅವನು ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿದ್ದು ದುಡಿದ. ಆ ದಂಪತಿಯೂ ಅರಸನ ಆಜ್ಞೆಯಿಂದ ರೋಮ್ ಬಿಟ್ಟು ಬಂದವರು. ಊರು ಕಳೆದುಕೊಂಡವರೇ ಇನ್ನೊಬ್ಬನಿಗೆ ಮನೆ, ಕೆಲಸ ಎರಡನ್ನೂ ಕೊಟ್ಟರು.

ಆಶೀರ್ವಾದವೆಂಬ ಮಾತಿಗೆ ನಾನು ತಿಳಿದಿರುವ ಅರ್ಥ ಇದು. ನಮ್ಮ ಕರಾವಳಿಯ ಇತಿಹಾಸದಲ್ಲೂ ಇದಕ್ಕೆ ಉದಾಹರಣೆಯಿದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದ ಅನೇಕರು ಮನೆಯ ಆಸರೆಯನ್ನೂ ಹಳೆಯ ಕಸುಬನ್ನೂ ಕಳೆದುಕೊಂಡಾಗ ಮಿಷನ್ ಅವರಿಗೆ ಪ್ರಾರ್ಥನೆಯನ್ನಷ್ಟೇ ಕಲಿಸಿ ಸುಮ್ಮನಾಗಲಿಲ್ಲ. ಮುದ್ರಣ, ನೇಯ್ಗೆ ಆರಂಭಿಸಿತು. 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹಂಚು ಊರೂರಿನ ಮಾಡು ಹತ್ತಿದ ಕಥೆ ಶುರುವಾದದ್ದು ಹೀಗೆ, ಕೆಲಸವಿಲ್ಲದವರಿಗೆ ಕೆಲಸ ಹುಡುಕಲು ಹೋಗಿ. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದು 1894ರಲ್ಲಿ, ಅವರ ಅರವತ್ತೆರಡನೆಯ ವಯಸ್ಸಿನಲ್ಲಿ. ಎರಡು ವರ್ಷ ಫಲ ಕಾಣದಿದ್ದರೆ ಕೈಚೆಲ್ಲುವ ನಮಗೆ ಇದು ನೆನಪಿರಬೇಕು.

ಆದ್ದರಿಂದ ಸಭೆಗಳಲ್ಲಿ ನನ್ನದೊಂದು ವಿನಂತಿ. ಕೆಲಸ ಸಿಕ್ಕವರ ಜೊತೆಗೆ ಇನ್ನೂ ಕಾಯುತ್ತಿರುವವರೂ ಸಾಕ್ಷಿ ಹೇಳಲಿ. ಸೋತ ಮೇಲೂ ಬೆಳಿಗ್ಗೆ ಎದ್ದು ಓದಲು ಕೂತದ್ದು ಸಣ್ಣ ಸಾಕ್ಷಿಯಲ್ಲ. ಹಾಗೆಯೇ, "ಪ್ರಾರ್ಥಿಸುತ್ತೇವೆ" ಎನ್ನುವವರು ಅರ್ಜಿ ಶುಲ್ಕಕ್ಕೆ ನೆರವಾಗಬಹುದು, ಹಳೆಯ ಪುಸ್ತಕ ಕೊಡಬಹುದು, ಬೇರೆ ಊರಿನಿಂದ ಪರೀಕ್ಷೆಗೆ ಬಂದವರಿಗೆ ಒಂದು ರಾತ್ರಿ ಮನೆಯಲ್ಲಿ ಜಾಗ ಕೊಡಬಹುದು. ನನಗೆ ಬೆಂಗಳೂರಿನಲ್ಲಿ ಹಾಗೆ ಜಾಗ ಕೊಟ್ಟ ಆಂಟಿಯೊಬ್ಬರು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಉಪ್ಪಿಟ್ಟು ಕಟ್ಟಿಕೊಟ್ಟರು. ಆ ಪರೀಕ್ಷೆ ನನಗೆ ಆಗಲಿಲ್ಲ. ಆದರೂ ಅವತ್ತು ನನಗೆ ಸಿಕ್ಕದ್ದು ಆಶೀರ್ವಾದವೇ.

ಗೆಳೆಯರೇ, ನೀವು ಯಾವ ಧರ್ಮದವರೇ ಆಗಿರಿ, ಮನಸ್ಸು ಸೋತಾಗ ಒಬ್ಬರೇ ಬಾಗಿಲು ಹಾಕಿಕೊಂಡು ಕೂರಬೇಡಿ. ನಂಬಿದವರ ಹತ್ತಿರ ಮಾತಾಡಿ. ಕ್ರೈಸ್ತ ಗೆಳೆಯರಿಗೆ ಇನ್ನೊಂದು ಮಾತು: ಆಯ್ಕೆಪಟ್ಟಿ ನೋಡಿ ದೇವರ ಪ್ರೀತಿಯನ್ನು ಅಳೆಯಬೇಡಿ. ಪ್ರಾರ್ಥನೆಯನ್ನೂ ಬಿಡಬೇಡಿ, ಓದನ್ನೂ ಬಿಡಬೇಡಿ. ಕೆಲಸ ಸಿಕ್ಕ ದಿನ ಮಾತ್ರವಲ್ಲ, ಸಿಗದ ದಿನಗಳಲ್ಲೂ ನಾವು ಅವನ ಮಕ್ಕಳೇ.