ಇಲಿಗೆ ಗುಣವಾದರೆ ಸಾಕೇ?

ರಾಮಕುಂಜದ ಕಡೆ ಅಡಿಕೆ ತೋಟಗಳ ಬದಿಯಲ್ಲಿ ಅಲ್ಲಲ್ಲಿ ಲಕ್ಷ್ಮಣಫಲದ ಗಿಡ ಕಾಣುತ್ತದೆ. ಹಣ್ಣಿನ ಆಸೆಗೆ ನೆಟ್ಟವರಿಗಿಂತ ಕ್ಯಾನ್ಸರಿಗೆ ಮದ್ದೆಂದು ನೆಟ್ಟವರೇ ನನಗೆ ಹೆಚ್ಚು ಸಿಕ್ಕಿದ್ದಾರೆ. ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನನ್ನೆದುರು ಅವರದು ಒಂದೇ ವಾದ: “ಇಲಿಗೆ ಗುಣ ಆಗಿದೆಯಂತಲ್ಲ ಮಾಸ್ಟ್ರೇ?”

ಪೂರ್ತಿ ಸುಳ್ಳಲ್ಲ. ಆ ಎಲೆಯ ಸಾರದಿಂದ ಇಲಿಗಳಲ್ಲಿ ಸ್ತನ ಕ್ಯಾನ್ಸರಿನ ಗಡ್ಡೆ ಕುಗ್ಗಿತೆಂದು ಮಲೇಷ್ಯಾದ ಸಂಶೋಧಕರು ವರದಿ ಮಾಡಿದ್ದಾರೆ. ಮನುಷ್ಯರಲ್ಲಿ ಗುಣವಾಗುತ್ತದೆಂದು ಸಾಬೀತಾಗಿಲ್ಲ. ಆ ಇಲಿಗೆ ಕ್ಯಾನ್ಸರ್ ಬಂದದ್ದಾದರೂ ಹೇಗೆ? ಅದನ್ನು ಯಾರೂ ಕೇಳುವುದಿಲ್ಲ.

ಅಲ್ಲಿ ಬಳಸಿದ್ದು 4ಟಿ1 ಎಂಬ ಜೀವಕೋಶ. ಬಾಲ್ಬ್-ಸಿ ತಳಿಯ ಇಲಿಯ ಸ್ತನದ ಗಡ್ಡೆಯಿಂದ ತೆಗೆದು ಬೆಳೆಸಿದ್ದು. ಅದೇ ತಳಿಯ ಇನ್ನೊಂದು ಇಲಿಗೆ ಚುಚ್ಚಿದರೆ ಕೆಲವೇ ವಾರಗಳಲ್ಲಿ ಶ್ವಾಸಕೋಶಕ್ಕೆ, ಲಿವರಿಗೆ ಹರಡುತ್ತದೆ. ಲಿವರನ್ನೇ ನೋಡಬೇಕೆಂದರೆ ಗುಲ್ಮಕ್ಕೆ ಚುಚ್ಚುವುದೂ ಉಂಟು. ಗುಲ್ಮದ ರಕ್ತ ಹೋಗಿ ಸೇರುವುದು ಲಿವರಿಗೇ. ಕೋಶ ಅಲ್ಲಿ ಬೇರೂರುವ ಬಗೆ ಇದರಿಂದ ತಿಳಿಯುತ್ತದೆ. ಸ್ತನದಿಂದ ಕಳಚಿ ಬಂದು ಬದುಕುಳಿಯುವ ಹಂತ ಮಾತ್ರ ಬಿಟ್ಟುಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ಅವರ ತಂಡ ಅಧ್ಯಯನ ಮಾಡುತ್ತಿರುವುದು, ಹೀಗೆ ಕಳಚಿದ ಕೋಶ ಸಾಯದೆ ಉಳಿಯುವುದು ಹೇಗೆ ಎಂಬುದನ್ನೇ. ಮನುಷ್ಯರಲ್ಲಂತೂ ಚಿಕಿತ್ಸೆ ಮುಗಿದು ಹತ್ತು ವರ್ಷ ಕಳೆದ ಮೇಲೂ ರೋಗ ಲಿವರಿನಲ್ಲಿ ತಲೆಯೆತ್ತಬಹುದು. ವಾರಗಳಲ್ಲಿ ಮುಗಿಯುವ ಪ್ರಯೋಗಕ್ಕೆ ಅದು ಎಟುಕದು.

ಹಾಗೆಂದು ಇಲಿಯ ಪ್ರಯೋಗ ದಂಡವಲ್ಲ. ಸ್ತನ ಕ್ಯಾನ್ಸರಿನಿಂದ ಸತ್ತ 735 ಮಂದಿಯ ದಾಖಲೆಗಳನ್ನು ಲಂಡನ್ನಿನ ಸ್ಟೀಫನ್ ಪೇಜೆಟ್ 1889ರಲ್ಲಿ ಜಾಲಾಡಿದಾಗ, 241 ಮಂದಿಯಲ್ಲಿ ಅದು ಲಿವರಿಗೆ ಹಬ್ಬಿತ್ತು, ಗುಲ್ಮಕ್ಕೆ ಹಬ್ಬಿದ್ದು 17 ಮಂದಿಯಲ್ಲಷ್ಟೇ. ಲಿವರೇ ಯಾಕೆ ಎಂಬುದನ್ನು ಬದುಕಿರುವ ದೇಹದೊಳಗೆ ಹಂತಹಂತವಾಗಿ ನೋಡಲು ಇಲಿ ಬೇಕು. ಎಡವುತ್ತಿರುವುದು ಸುದ್ದಿ ಬರೆಯುವವರು.

ಪತ್ರಿಕೆಗಳು ಶೀರ್ಷಿಕೆಯಲ್ಲೇ ‘ಇಲಿಗಳಲ್ಲಿ’ ಎಂದು ಬರೆಯಲಿ. ಕೋಶವನ್ನು ಎಲ್ಲಿಗೆ ಚುಚ್ಚಿದರು, ಎಷ್ಟು ವಾರ ನೋಡಿದರು ಎಂಬ ಎರಡು ಸಾಲನ್ನೂ ಸೇರಿಸಲಿ. ಆ ಸಾಲುಗಳಿಲ್ಲದ ಸುದ್ದಿ ಓದಿ ಕಷಾಯ ಕುಡಿಯುತ್ತ ಕೂರುವವರು ನಮ್ಮಲ್ಲಿದ್ದಾರೆ. ಗಂಟು ಸ್ತನದಲ್ಲೇ ಇರುವಾಗ ಮಂಗಳೂರಿನ ಬಸ್ಸು ಹತ್ತಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಲಿವರಿಗೆ ದಾಟಿದ ಮೇಲೆ ಹೆಚ್ಚಿನವರಲ್ಲಿ ವೈದ್ಯರಿಂದ ಆಗುವುದು ರೋಗವನ್ನು ತಡೆದು ನಿಲ್ಲಿಸುವುದಷ್ಟೇ.